ಗಸ್ತು ವ್ಯವಸ್ಥೆ ಹಾಗೂ ನಗರದ ಬಡ ವಸತಿಗಳ ನಿವಾಸಿಗಳು: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಸಂತೆಕಲ್ಲೂರು ಸೇರಿದಂತೆ ಲಿಂಗಸುಗೂರು, ಮಸ್ಕಿ ಹಾಗೂ ಸಿಂಧನೂರು ಭಾಗದ ಒಣಬೇಸಾಯದ ಹಳ್ಳಿಗಳಿಂದ ಅನೇಕ ಕುಟುಂಬಗಳು ಸುಗ್ಗಿ ಮುಗಿದ ನಂತರ ಗುಳೆ ಹೋಗುವುದು ವಾಡಿಕೆಯಾಗಿದೆ. ಕೆಲವರು ಹತ್ತಿರದ ಪಟ್ಟಣಗಳ ಕೊಳಗೇರಿಗಳಲ್ಲಿ ನೆಲೆಸುತ್ತಾರೆ. ಇನ್ನು ಕೆಲವರು ಬೆಂಗಳೂರಿನ ಕಟ್ಟಡ ಕಾಮಗಾರಿಗಳ ಬಳಿ ಶೆಡ್ಡು ಹಾಕಿಕೊಂಡು ವಾಸಿಸುತ್ತಾರೆ. ಇಂತಹ ವಸತಿಗಳಲ್ಲಿ ಪೊಲೀಸ್ ಇಲಾಖೆಯ ಗಸ್ತು, ಮನೆ ಭೇಟಿ ಮತ್ತು ಪರಿಶೀಲನೆಗಳು ನಿವಾಸಿಗಳ ದಿನನಿತ್ಯದ ಬದುಕಿನ ಮೇಲೆ ನೇರ ಪರಿಣಾಮ ಬೀರುತ್ತವೆ. ಸದರಿ ವ್ಯವಸ್ಥೆಗಳ ಸ್ವರೂಪ, ಅವುಗಳ ಮಿತಿ ಹಾಗೂ ನಿವಾಸಿಗಳು ಪಡೆಯಬಹುದಾದ ಸೇವೆಗಳ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಗಸ್ತು ವ್ಯವಸ್ಥೆಯ ಸ್ವರೂಪ

ರಾಜ್ಯದಲ್ಲಿ 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆಯನ್ನು ಜಾರಿಗೆ ತರಲಾಯಿತು. ಇದರನ್ವಯ ಠಾಣೆಯ ವ್ಯಾಪ್ತಿಯನ್ನು ಗಸ್ತುಗಳಾಗಿ ವಿಂಗಡಿಸಿ, ಪ್ರತಿಯೊಂದು ಗಸ್ತನ್ನೂ ನಿರ್ದಿಷ್ಟ ಸಿಬ್ಬಂದಿಯ ಹೊಣೆಗೆ ವಹಿಸಲಾಗುತ್ತದೆ. 2025ರ ಜುಲೈ ತಿಂಗಳಲ್ಲಿ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮಕ್ಕೆ ಚಾಲನೆ ನೀಡಲಾಯಿತು. ಸುಮಾರು 40ರಿಂದ 50 ಮನೆಗಳನ್ನು ಒಂದು ಗುಂಪಾಗಿ ಮಾಡಿ, ಗಸ್ತು ಸಿಬ್ಬಂದಿಯು ಮನೆಗಳಿಗೆ ಭೇಟಿ ನೀಡಿ ನಿವಾಸಿಗಳ ಅಹವಾಲು ಆಲಿಸುವುದು ಇದರ ಉದ್ದೇಶವಾಗಿದೆ.

ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವ ಕೂಲಿ ಕಾರ್ಮಿಕರು, ಒಂಟಿ ಮಹಿಳೆಯರು ಹಾಗೂ ವೃದ್ಧರಿಗೆ ಇದರಿಂದ ಅನುಕೂಲವಾಗುತ್ತದೆ. ಮೇಸ್ತ್ರಿ ಕೂಲಿ ಕೊಡದೆ ಬೆದರಿಸುವುದು, ಕುಡಿದು ಬಂದು ಮನೆಯಲ್ಲಿ ಹೊಡೆಯುವುದು, ಬಡ್ಡಿ ಸಾಲದವರ ಕಿರುಕುಳ ಮುಂತಾದವುಗಳನ್ನು ಗಸ್ತು ಸಿಬ್ಬಂದಿಯ ಗಮನಕ್ಕೆ ಮನೆಯ ಬಾಗಿಲಲ್ಲಿಯೇ ತರಬಹುದು.

3. ನಿಗಾ ಮತ್ತು ಸೇವೆ

ಗಸ್ತಿನಲ್ಲಿ ಸೇವೆಯ ಜೊತೆಗೆ ನಿಗಾ ಇಡುವ ಕಾರ್ಯವೂ ಇದೆ. ಬಡ ವಸತಿಗಳಲ್ಲಿ ಇವೆರಡರ ನಡುವಿನ ಅಂತರ ಕಡಿಮೆ. ಮನೆ ಚಿಕ್ಕದಾದ್ದರಿಂದ ಜನರು ಬೀದಿಯಲ್ಲಿಯೇ ಹೆಚ್ಚು ಹೊತ್ತು ಕಳೆಯುತ್ತಾರೆ. ಬಾಡಿಗೆ ಕರಾರು ಪತ್ರ ಇರುವುದಿಲ್ಲ. ಗುರುತಿನ ಚೀಟಿಯಲ್ಲಿ ಊರಿನ ವಿಳಾಸವಿದ್ದು ವಾಸ ಬೇರೆ ಕಡೆ ಇರುತ್ತದೆ. ಈ ಕಾರಣಗಳಿಂದ ಅವರು ಅನುಮಾನಕ್ಕೆ ಗುರಿಯಾಗುವ ಸಂಭವ ಹೆಚ್ಚು. ಆದರೆ ಶೆಡ್ಡಿನಲ್ಲಿ ವಾಸವಿರುವುದಾಗಲಿ, ಪರ ಊರಿನವರಾಗಿರುವುದಾಗಲಿ ಅಪರಾಧವಲ್ಲ.

ಈ ಅನುಮಾನಕ್ಕೆ ದೀರ್ಘ ಇತಿಹಾಸವಿದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪರಿಗಣಿಸಿತ್ತು. ಹುಬ್ಬಳ್ಳಿ, ಗದಗ ಹಾಗೂ ವಿಜಯಪುರಗಳಲ್ಲಿ ಅಂತಹ ಸಮುದಾಯಗಳನ್ನು ಸೆಟ್ಲ್‌ಮೆಂಟುಗಳಲ್ಲಿ ಇರಿಸಿ ಹಾಜರಿ ಪಡೆಯಲಾಗುತ್ತಿತ್ತು. ಸದರಿ ಕಾಯ್ದೆಯು 1952ರಲ್ಲಿ ರದ್ದಾಯಿತು.

4. ಕರಿಯಮ್ಮನ ಅಗ್ರಹಾರದ ಪ್ರಕರಣ

ಬೆಂಗಳೂರಿನ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಶೆಡ್ಡುಗಳಿದ್ದವು. ಅಲ್ಲಿ ವಾಸಿಸುವವರು ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದವರೆಂಬ ವಿಡಿಯೊ ಹರಡಿತು. ಪೊಲೀಸರು ಜಮೀನಿನ ಮಾಲೀಕರಿಗೆ ನೋಟಿಸು ನೀಡಿದರು. 2020ರ ಜನವರಿಯಲ್ಲಿ ಶೆಡ್ಡುಗಳನ್ನು ನೆಲಸಮಗೊಳಿಸಲಾಯಿತು. ನಿವಾಸಿಗಳಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ದುಡಿಯಲು ಬಂದವರೂ ಈಶಾನ್ಯ ರಾಜ್ಯಗಳ ಭಾರತೀಯ ನಾಗರಿಕರೂ ಇದ್ದರು. ತಮ್ಮದೇ ರಾಜ್ಯದ ರಾಜಧಾನಿಯಲ್ಲಿ ಅವರು ಮತದಾರರ ಚೀಟಿ ಹಾಗೂ ಆಧಾರ್ ಕಾರ್ಡನ್ನು ಕೈಯಲ್ಲಿ ಹಿಡಿದು ತೋರಿಸಬೇಕಾಯಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇರೆಗೆ ವಿಷಯವು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ನ್ಯಾಯಾಲಯವು ಮುಂದಿನ ತೆರವನ್ನು ತಡೆದು, ಪೊಲೀಸರ ಕ್ರಮದ ಕಾನೂನುಬದ್ಧತೆಯನ್ನು ಪ್ರಶ್ನಿಸಿತು.

ಗುರುತಿನ ಪರಿಶೀಲನೆ ಮತ್ತು ತೆರವು ಇವೆರಡೂ ಪ್ರತ್ಯೇಕ ಕ್ರಮಗಳು. ಪರಿಶೀಲನೆಗೆ ಸಿಬ್ಬಂದಿ ಬಂದಾಗ ದಾಖಲೆ ತೋರಿಸಿ ಸಹಕರಿಸುವುದು ಸೂಕ್ತ. ಆದರೆ ಮೂಲ ದಾಖಲೆಗಳನ್ನು ಕೊಡದೆ, ನಕಲು ಪ್ರತಿಗಳನ್ನು ಮಾತ್ರ ನೀಡತಕ್ಕದ್ದು.

5. ರೌಡಿ ಪಟ್ಟಿ ಕುರಿತು

ಠಾಣೆಗಳಲ್ಲಿ ರೌಡಿ ಪಟ್ಟಿಯನ್ನು ನಿರ್ವಹಿಸಲಾಗುತ್ತದೆ. ಚುನಾವಣೆ ಹಾಗೂ ಹಬ್ಬಗಳ ಮುನ್ನ ಪಟ್ಟಿಯಲ್ಲಿರುವವರನ್ನು ಕರೆಸಿ ಎಚ್ಚರಿಕೆ ನೀಡುವ ‘ರೌಡಿ ಪರೇಡ್’ ಸಹ ನಡೆಯುತ್ತದೆ. ಒಮ್ಮೆ ಹೆಸರು ಸೇರಿದಲ್ಲಿ ಬಾಡಿಗೆ ಮನೆ, ಭದ್ರತಾ ಸಿಬ್ಬಂದಿ ಕೆಲಸ ಮುಂತಾದವು ಕೈತಪ್ಪುವ ಸಂಭವವಿದ್ದು, ಅದರ ಹೊರೆ ಇಡೀ ಕುಟುಂಬದ ಮೇಲೆ ಬೀಳುತ್ತದೆ. ಈ ಕುರಿತು ಸರ್ವೋಚ್ಚ ನ್ಯಾಯಾಲಯದ ಕೆಳಕಂಡ ತೀರ್ಪುಗಳನ್ನು ಗಮನಿಸಬಹುದು.

(ಅ) ಖರಕ್ ಸಿಂಗ್ ಪ್ರಕರಣ (1962): ನಿಗಾದ ಹೆಸರಿನಲ್ಲಿ ರಾತ್ರಿ ವೇಳೆ ಮನೆಗೆ ಭೇಟಿ ನೀಡುವ ನಿಯಮವು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಲಾಯಿತು.

(ಆ) ಪುಟ್ಟಸ್ವಾಮಿ ಪ್ರಕರಣ (2017): ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು.

(ಇ) ಅಮಾನತುಲ್ಲಾ ಖಾನ್ ಪ್ರಕರಣ (2024): ಸಾಮಾಜಿಕವಾಗಿ ಹಾಗೂ ಆರ್ಥಿಕವಾಗಿ ಹಿಂದುಳಿದ ಹಿನ್ನೆಲೆಯ ಅಮಾಯಕರ ಹೆಸರುಗಳನ್ನು ಇಂತಹ ಕಡತಗಳಲ್ಲಿ ಯಾಂತ್ರಿಕವಾಗಿ ಸೇರಿಸದಂತೆ ಹಾಗೂ ಅಪ್ರಾಪ್ತ ವಯಸ್ಕರ ವಿವರಗಳು ಬಹಿರಂಗವಾಗದಂತೆ ಎಚ್ಚರ ವಹಿಸಬೇಕೆಂದು ನ್ಯಾಯಾಲಯವು ತಿಳಿಸಿತು.

ತಮ್ಮ ಹೆಸರನ್ನು ತಪ್ಪಾಗಿ ಸೇರಿಸಲಾಗಿದೆ ಎಂದು ಭಾವಿಸುವವರು ಕಾರಣಗಳನ್ನು ವಿವರಿಸಿ, ಪ್ರಕರಣ ಇತ್ಯರ್ಥವಾಗಿದ್ದಲ್ಲಿ ಆದೇಶದ ದೃಢೀಕೃತ ಪ್ರತಿಯೊಂದಿಗೆ, ಪೊಲೀಸ್ ಅಧೀಕ್ಷಕರಿಗೆ ಲಿಖಿತ ಮನವಿ ಸಲ್ಲಿಸಬಹುದು.

6. ದೂರು ದಾಖಲಿಸುವುದು

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 173ನೇ ಕಲಂ ಪ್ರಕಾರ ಸಂಜ್ಞೇಯ ಅಪರಾಧದ ಮಾಹಿತಿಯನ್ನು, ಕೃತ್ಯ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ನೀಡಬಹುದು. ಉದಾಹರಣೆಗೆ, ಬೆಂಗಳೂರಿನಲ್ಲಿ ಹಣ ಕಳೆದುಕೊಂಡು ಊರಿಗೆ ಮರಳಿದವರು ಮಸ್ಕಿ ಠಾಣೆಯಲ್ಲಿಯೇ ಕಳವಿನ ದೂರು ನೀಡಬಹುದು.

• ಬಾಯಿಮಾತಿನಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯಬೇಕು.
• ಪ್ರಥಮ ವರ್ತಮಾನ ವರದಿಯ (ಎಫ್.ಐ.ಆರ್.) ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ನೀಡಬೇಕು.
• 3ರಿಂದ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ, ಉಪಾಧೀಕ್ಷಕರ ಅನುಮತಿಯೊಂದಿಗೆ, 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ.
• ಠಾಣೆಯಲ್ಲಿ ದೂರು ದಾಖಲಿಸಲು ನಿರಾಕರಿಸಿದಲ್ಲಿ ಅಂಚೆ ಮೂಲಕ ಪೊಲೀಸ್ ಅಧೀಕ್ಷಕರಿಗೆ, ತದನಂತರ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.

ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡತಕ್ಕದ್ದು.

7. ವಿಚಾರಣೆ ಮತ್ತು ದಸ್ತಗಿರಿ

• ಸಾಕ್ಷಿಯಾಗಿ ವಿಚಾರಣೆ ಮಾಡುವಾಗ ಮಹಿಳೆಯರು, 15 ವರ್ಷದೊಳಗಿನ ಬಾಲಕರು, 60 ವರ್ಷ ಮೀರಿದ ಪುರುಷರು, ಅಂಗವಿಕಲರು ಹಾಗೂ ತೀವ್ರ ಅಸ್ವಸ್ಥರನ್ನು ಅವರ ವಾಸಸ್ಥಳದ ಹೊರತು ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ.
• ದಸ್ತಗಿರಿಯ ಕಾರಣವನ್ನು ವ್ಯಕ್ತಿಗೆ ತಿಳಿಸಬೇಕು. ಬಂಧುಗಳಿಗೆ ಅಥವಾ ಅವರು ಸೂಚಿಸಿದವರಿಗೆ ಮಾಹಿತಿ ನೀಡಬೇಕು.
• ಪ್ರಯಾಣದ ಸಮಯವನ್ನು ಹೊರತುಪಡಿಸಿ 24 ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.
• ಅಸಾಧಾರಣ ಸಂದರ್ಭ ಹೊರತು ಸೂರ್ಯಾಸ್ತದ ನಂತರ, ಸೂರ್ಯೋದಯದ ಮುನ್ನ ಮಹಿಳೆಯರನ್ನು ದಸ್ತಗಿರಿ ಮಾಡುವಂತಿಲ್ಲ.

8. ಬೀದಿಬದಿ ವ್ಯಾಪಾರಸ್ಥರು

ಬೀದಿಬದಿ ವ್ಯಾಪಾರಿಗಳ ಕಾಯ್ದೆ, 2014ರ 27ನೇ ಕಲಂ ಅನ್ವಯ, ವ್ಯಾಪಾರ ಪ್ರಮಾಣಪತ್ರ ಹೊಂದಿ ಅದರ ಷರತ್ತುಗಳಂತೆ ವ್ಯಾಪಾರ ಮಾಡುವವರನ್ನು ಪೊಲೀಸರೂ ಒಳಗೊಂಡಂತೆ ಯಾರೂ ತಡೆಯುವಂತಿಲ್ಲ. ಪ್ರಮಾಣಪತ್ರ ಇಲ್ಲದವರು ತಮ್ಮ ಸ್ಥಳೀಯ ಸಂಸ್ಥೆಯ ಕಚೇರಿಯನ್ನು ಸಂಪರ್ಕಿಸತಕ್ಕದ್ದು.

9. ಪೊಲೀಸ್ ಪರಿಶೀಲನಾ ಪ್ರಮಾಣಪತ್ರ

ಉದ್ಯೋಗದಾತರು ಕೇಳುವ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬಹುದು. ಅರ್ಜಿದಾರರು ಕೆಳಕಂಡ ಅಂಶಗಳನ್ನು ಗಮನಿಸುವುದು.

• ಈಗಿನ ವಾಸಸ್ಥಳ ಹಾಗೂ ಸ್ವಂತ ಊರಿನ ವಿಳಾಸಗಳನ್ನು ಇದ್ದದ್ದು ಇದ್ದಂತೆ ನಮೂದಿಸುವುದು.
• ಹಿಂದೆ ಪ್ರಕರಣವಿದ್ದಲ್ಲಿ ಅದನ್ನು ಮರೆಮಾಚದೆ ನಮೂದಿಸಿ, ಖುಲಾಸೆಯಾಗಿದ್ದಲ್ಲಿ ತೀರ್ಪಿನ ದೃಢೀಕೃತ ಪ್ರತಿಯನ್ನು ಲಗತ್ತಿಸುವುದು.
• ಅರ್ಜಿಯ ಸ್ವೀಕೃತಿಯನ್ನು ಜೋಪಾನವಾಗಿಟ್ಟುಕೊಳ್ಳುವುದು.

10. ಕುಂದುಕೊರತೆ ಹಾಗೂ ಕಾನೂನು ನೆರವು

ಪೊಲೀಸ್ ಸಿಬ್ಬಂದಿಯ ಗಂಭೀರ ದುರ್ನಡತೆಯ ವಿರುದ್ಧ ರಾಜ್ಯ ಹಾಗೂ ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಗಳಿಗೆ ದೂರು ಸಲ್ಲಿಸಬಹುದು. ಸದರಿ ಪ್ರಾಧಿಕಾರಗಳು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ನೀಡಿದ ನಿರ್ದೇಶನದ ಫಲವಾಗಿವೆ.

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಭಿರಕ್ಷೆಯಲ್ಲಿರುವವರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯವುಳ್ಳವರು ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕಾಗಿ 15100 ಸಹಾಯವಾಣಿಗೆ ಕರೆ ಮಾಡಬಹುದು ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು.

ಗುಳೆ ಹೋಗುವ ಕುಟುಂಬಗಳು ಗುರುತಿನ ದಾಖಲೆಗಳ ನಕಲು, ಎಫ್.ಐ.ಆರ್. ಪ್ರತಿ, ನ್ಯಾಯಾಲಯದ ಆದೇಶ ಹಾಗೂ ಅರ್ಜಿಗಳ ಸ್ವೀಕೃತಿಗಳನ್ನು ಒಂದು ಪ್ರತಿ ಊರಿನಲ್ಲಿ, ಒಂದು ಪ್ರತಿ ತಮ್ಮೊಂದಿಗೆ ಇರಿಸಿಕೊಳ್ಳಬೇಕೆಂದು ಕೋರಲಾಗಿದೆ.