ದಾಸ್ಯದ ಸಂಕೋಲೆ ಮತ್ತು ನಮ್ಮ ಸಿದ್ದಿ ಬಾಂಧವರು



ಫೆಬ್ರವರಿ 8ರಂದು ಧರ್ಮಸಭೆ ಸಂತ ಜೋಸೆಫಿನ್ ಬಖಿತಾರವರ ಹಬ್ಬವನ್ನು ಆಚರಿಸುತ್ತದೆ. ಸುಡಾನಿನ ದಾರ್ಫರ್ ಪ್ರಾಂತ್ಯದಲ್ಲಿ 1869ರ ಸುಮಾರಿಗೆ ಹುಟ್ಟಿದ ಈ ಹೆಣ್ಣುಮಗುವನ್ನು ದಾಸವ್ಯಾಪಾರಿಗಳು ಹೊತ್ತೊಯ್ದರು. ಕೈಯಿಂದ ಕೈಗೆ ಮಾರಾಟವಾಗುತ್ತಾ, ಏಟು ತಿನ್ನುತ್ತಾ, ಆ ಮಗು ತಂದೆತಾಯಿ ಇಟ್ಟ ಹೆಸರನ್ನೇ ಮರೆತುಬಿಟ್ಟಿತು. ‘ಬಖಿತಾ’ ಎಂಬುದು ಅಪಹರಿಸಿದವರು ಕೊಟ್ಟ ಹೆಸರು; ಅರಬ್ಬಿಯಲ್ಲಿ ಅದರ ಅರ್ಥ ‘ಭಾಗ್ಯವಂತೆ’. 1889ರಲ್ಲಿ ಇಟಲಿಯ ನ್ಯಾಯಾಲಯ ಆಕೆ ಯಾರ ಸ್ವತ್ತೂ ಅಲ್ಲವೆಂದು ತೀರ್ಪಿತ್ತಿತು. 2000ದಲ್ಲಿ ಧರ್ಮಸಭೆ ಆಕೆಯನ್ನು ಸಂತಳೆಂದು ಸಾರಿತು.

ಈ ಹಬ್ಬದಂದು ಪ್ರಬೋಧನೆಗೆ ನಿಂತಾಗ ನಾವು ಆಫ್ರಿಕಾದ ಕಥೆಯನ್ನು ಹೇಳಿ ಮುಗಿಸುವುದುಂಟು. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ನಮ್ಮ ಸೀಮೆಗೆ ಆ ಕಥೆ ಅಷ್ಟು ದೂರದ್ದೇ? ನಮ್ಮ ಬಲಿಪೂಜೆಯಲ್ಲಿ ಪಾಲ್ಗೊಳ್ಳುವ ಸಿದ್ದಿ ಬಾಂಧವರ ಪೂರ್ವಜರು ಬಂದದ್ದೂ ಅದೇ ದಾರಿಯಲ್ಲಿ. ನಾವು ಓದುವ ಕಾಲದಲ್ಲಿ ಗುಲಾಮಗಿರಿಯೆಂದರೆ ಅಮೆರಿಕದ ಅಂತರ್ಯುದ್ಧವೆಂದು ಬಾಯಿಪಾಠ ಮಾಡಿದೆವು. ಲಿಂಕನ್‌ನ ಹೆಸರು ಗೊತ್ತಿತ್ತು. ನಮ್ಮದೇ ಧರ್ಮಕೇಂದ್ರದ ಜನರ ಚರಿತ್ರೆ ಗೊತ್ತಿರಲಿಲ್ಲ. ಆ ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಗೋವೆಯ ಬೀದಿಯಲ್ಲಿ

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಗೆದ್ದರು. ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕಾದ ತೀರಗಳಿಂದ ಬಂದ ಅವರ ಹಡಗುಗಳಲ್ಲಿ ದಂತ, ಚಿನ್ನದ ಜೊತೆ ಮನುಷ್ಯರೂ ಬರುತ್ತಿದ್ದರು. 1583ರಿಂದ 1588ರವರೆಗೆ ಗೋವೆಯ ಮಹಾಧರ್ಮಾಧ್ಯಕ್ಷರ ಕಾರ್ಯದರ್ಶಿಯಾಗಿದ್ದ ಡಚ್ ಪ್ರವಾಸಿ ಲಿನ್‌ಸ್ಕೋಟೆನ್, ಅಲ್ಲಿನ ಮುಖ್ಯ ಬೀದಿಯಲ್ಲಿ ಗಂಡಸು, ಹೆಂಗಸು, ಮಕ್ಕಳನ್ನು ದನಗಳಂತೆ ಹರಾಜು ಹಾಕುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ಹರಾಜಿಗೆ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಮಾತ್ರ ರಜೆ! ಹಬ್ಬದ ದಿನವನ್ನು ಪವಿತ್ರವೆಂದು ಕಂಡವರಿಗೆ, ದೇವರ ರೂಪದಲ್ಲಿ ಸೃಷ್ಟಿಯಾದ ಮನುಷ್ಯ ಪವಿತ್ರನೆಂದು ಕಾಣಲಿಲ್ಲ.

ಹಾಗೆ ಮಾರಾಟವಾದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟ ಹತ್ತಿದರು. ಪೋರ್ಚುಗೀಸರ ಕೈಗೆ ಸುಲಭವಾಗಿ ಸಿಗದ ನಮ್ಮ ದಟ್ಟ ಕಾಡು ಅವರಿಗೆ ಆಸರೆಯಾಯಿತು. ಮುಂದೆ ಬಿಡುಗಡೆ ಹೊಂದಿದವರೂ ಅವರನ್ನು ಸೇರಿಕೊಂಡರು. ಹೀಗೆ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಜೋಯಿಡಾ ಕಡೆಗಳಲ್ಲಿ ಸಿದ್ದಿಗಳ ಕೇರಿಗಳು ಬೆಳೆದವು. ಇವರಲ್ಲಿ ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇವರಲ್ಲಿ ಆಫ್ರಿಕಾದ ಬಾಂಟು ಜನಾಂಗದ ಮೂಲವನ್ನು, ಜೊತೆಗೆ ಭಾರತೀಯ ಹಾಗೂ ಪೋರ್ಚುಗೀಸ್ ಅಂಶಗಳನ್ನೂ ಗುರುತಿಸಿತು. ಬಾಯಲ್ಲಿ ಉಳಿಯದ ಊರಿನ ಹೆಸರು ರಕ್ತದಲ್ಲಿ ಉಳಿದಿತ್ತು.

ಓಡಿಹೋದವನ ಹೆಜ್ಜೆ

ಅಮೆರಿಕದಲ್ಲೂ ದಾಸರು ಓಡಿಹೋಗುತ್ತಿದ್ದರು. ಆದರೆ ಅಲ್ಲಿ ಓಡಿಹೋದವನ ಹೆಜ್ಜೆ ಒಂದು ರಾಷ್ಟ್ರವನ್ನೇ ಎರಡಾಗಿಸಿತು. ಉತ್ತರದ ರಾಜ್ಯಗಳು ಗುಲಾಮಗಿರಿಯನ್ನು ಕೈಬಿಟ್ಟಿದ್ದವು. ದಕ್ಷಿಣದ ಹತ್ತಿ ತೋಟಗಳು ಅದರ ಮೇಲೆಯೇ ನಿಂತಿದ್ದವು. 1850ರ ಕಾನೂನು, ಓಡಿಬಂದ ದಾಸನನ್ನು ಹಿಡಿದೊಪ್ಪಿಸಲು ಉತ್ತರದ ಜನರೂ ನೆರವಾಗಬೇಕೆಂದು ವಿಧಿಸಿತು. ಅಲ್ಲಿಯವರೆಗೆ ತಮಗೇನೂ ಸಂಬಂಧವಿಲ್ಲವೆಂದು ಕುಳಿತಿದ್ದವರ ಮನೆಬಾಗಿಲಿಗೇ ಪ್ರಶ್ನೆ ಬಂದಿತು: ಈ ಮನುಷ್ಯನನ್ನು ಬಚ್ಚಿಡಬೇಕೇ, ಹಿಡಿದುಕೊಡಬೇಕೇ? 1854ರಲ್ಲಿ ಕಾನ್ಸಾಸ್, ನೆಬ್ರಾಸ್ಕ ಪ್ರದೇಶಗಳಿಗೂ ದಾಸಪದ್ಧತಿ ಬರಬಹುದೆಂಬ ಕಾನೂನಾದಾಗ ಕಾನ್ಸಾಸಿನಲ್ಲಿ ರಕ್ತ ಹರಿಯಿತು. 1857ರಲ್ಲಿ ಸುಪ್ರೀಂ ಕೋರ್ಟು, ಆಫ್ರಿಕಾ ಮೂಲದ ದಾಸರ ಸಂತತಿಯವರು ಆ ದೇಶದ ಪ್ರಜೆಗಳಾಗಲಾರರೆಂದು ತೀರ್ಪು ಕೊಟ್ಟಿತು. 1860ರಲ್ಲಿ ಲಿಂಕನ್ ಆರಿಸಿಬಂದೊಡನೆ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಬೇರೆಯಾದವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ನಾಲ್ಕು ವರ್ಷಗಳಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಸುಮಾರು 40 ಲಕ್ಷ ದಾಸರ ಬಿಡುಗಡೆಗೆ ಅಷ್ಟು ಬೆಲೆ ತೆರಬೇಕಾಯಿತು.

ಆ ಯುದ್ಧದ ಬಿಸಿ ನಮ್ಮ ಜಿಲ್ಲೆಗೂ ತಟ್ಟಿತು. ದಕ್ಷಿಣದ ಬಂದರುಗಳಿಗೆ ಲಿಂಕನ್ ದಿಗ್ಬಂಧನ ಹಾಕಿದ ಮೇಲೆ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗಲಿಲ್ಲ. ಎಲ್ಲರ ಕಣ್ಣು ಧಾರವಾಡದ ಹತ್ತಿಯ ಮೇಲೆ, ಅದನ್ನು ಸಾಗಿಸಬಹುದಾದ ಕಾರವಾರ ಬಂದರಿನ ಮೇಲೆ ಬಿತ್ತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಕ್ಕೆ ಈ ಹತ್ತಿಯ ವ್ಯಾಪಾರವೂ ಒಂದು ಕಾರಣ. ಗುಲಾಮಗಿರಿಯ ಯುದ್ಧದಿಂದ ನಮ್ಮ ಜಿಲ್ಲೆಯ ಗಡಿ ಬದಲಾಯಿತು. ಗುಲಾಮಗಿರಿಯಿಂದ ಓಡಿಬಂದು ಇದೇ ಕಾಡಿನಲ್ಲಿದ್ದವರನ್ನು ಮಾತ್ರ ಯಾರೂ ವಿಚಾರಿಸಲಿಲ್ಲ.

ಧರ್ಮಸಭೆಯ ಆತ್ಮಶೋಧನೆ

ಇಲ್ಲಿ ನಾವು ನಮ್ಮನ್ನೇ ಪರೀಕ್ಷಿಸಿಕೊಳ್ಳಬೇಕು. ಅಮೆರಿಕ ಒಡೆಯುವ ಮೊದಲು ಅಲ್ಲಿನ ಚರ್ಚುಗಳು ಒಡೆದಿದ್ದವು. ಇದೇ ಪ್ರಶ್ನೆಯ ಮೇಲೆ 1844ರಲ್ಲಿ ಮೆಥೊಡಿಸ್ಟರು, 1845ರಲ್ಲಿ ಬ್ಯಾಪ್ಟಿಸ್ಟರು ಎರಡು ಪಾಲಾದರು. ಕಥೋಲಿಕರಾದ ನಾವು ಒಡೆಯಲಿಲ್ಲ. ಆದರೆ ಅದು ಹೆಮ್ಮೆಪಡುವ ಮಾತೇ? ಪೋಪ್ ಹದಿನಾರನೆಯ ಗ್ರೆಗೊರಿಯವರು 1839ರಲ್ಲಿ ದಾಸವ್ಯಾಪಾರವನ್ನು ಖಂಡಿಸಿದರು. ಚಾರ್ಲ್ಸ್‌ಟನ್ನಿನ ಧರ್ಮಾಧ್ಯಕ್ಷರು, ಅದು ವ್ಯಾಪಾರದ ಖಂಡನೆಯೇ ಹೊರತು ಮನೆಯಲ್ಲಿ ದಾಸರನ್ನಿಟ್ಟುಕೊಳ್ಳುವುದರ ಖಂಡನೆಯಲ್ಲವೆಂದು ವಿವರಣೆ ಕೊಟ್ಟರು. 1838ರಲ್ಲಿ ಮೇರಿಲ್ಯಾಂಡಿನ ಯೇಸುಸಭೆಯವರೇ 272 ದಾಸರ ಮಾರಾಟಕ್ಕೆ ಸಹಿ ಹಾಕಿದ್ದರು. ಮೇಲೆ ಹೇಳಿದ 1857ರ ತೀರ್ಪನ್ನು ಬರೆದ ಮುಖ್ಯ ನ್ಯಾಯಮೂರ್ತಿ ಟಾನಿ ಕಥೋಲಿಕರು. ಅದಕ್ಕೂ ಬಹು ಹಿಂದೆ, 1455ರಲ್ಲಿ, ಪೋಪ್ ಐದನೆಯ ನಿಕೋಲಾಸರ ಆಜ್ಞಾಪತ್ರ ಪೋರ್ಚುಗೀಸ್ ದೊರೆಗೆ ಜನರನ್ನು ದಾಸರನ್ನಾಗಿಸುವ ಅಧಿಕಾರವನ್ನೇ ಕೊಟ್ಟಿತ್ತು. ಅಂಥ ಆಜ್ಞಾಪತ್ರಗಳು ಮೂಲನಿವಾಸಿ ಜನರ ಸಮಾನ ಘನತೆಯನ್ನು ಸರಿಯಾಗಿ ಎತ್ತಿಹಿಡಿಯಲಿಲ್ಲವೆಂದು ವ್ಯಾಟಿಕನ್ 2023ರಲ್ಲಿ ಒಪ್ಪಿಕೊಂಡಿತು.

ಫಿಲೆಮೋನನಿಗೆ ಸಂತ ಪೌಲರು ಬರೆದ ಪುಟ್ಟ ಪತ್ರವನ್ನು ನೆನೆಯಿರಿ. ಓಡಿಬಂದ ಒನೇಸಿಮನನ್ನು ದಾಸನಂತಲ್ಲ, ತಮ್ಮನಂತೆ ಬರಮಾಡಿಕೋ ಎಂದು ಅವರು ಕೇಳಿಕೊಂಡರು. ಆ ಪತ್ರ ನಮ್ಮ ಕೈಯಲ್ಲಿತ್ತು. ಓದಿದೆವು, ಮಡಿಸಿಟ್ಟೆವು.

ಕಾಗದದ ಬಿಡುಗಡೆ

ನಮ್ಮಲ್ಲಿ ಯುದ್ಧವಾಗಲಿಲ್ಲ. ಬ್ರಿಟಿಷ್ ಭಾರತದಲ್ಲಿ 1843ರ ಕಾಯಿದೆ, ದಾಸರ ಮೇಲೆ ಒಡೆಯರಿಗಿದ್ದ ಹಕ್ಕನ್ನು ನ್ಯಾಯಾಲಯಗಳು ಮಾನ್ಯಮಾಡದಂತೆ ತಡೆಯಿತು. ಪೋರ್ಚುಗಲ್ 1869ರಲ್ಲಿ ತನ್ನ ಎಲ್ಲ ವಸಾಹತುಗಳಲ್ಲಿ ದಾಸ್ಯ ಮುಗಿಯಿತೆಂದು ಸಾರಿತು. ಆದರೂ ಬಿಡುಗಡೆಯಾದವರು 1878ರವರೆಗೆ ಹಳೆಯ ಒಡೆಯರಿಗೇ ದುಡಿಯಬೇಕೆಂದಿತು. ಈ ಯಾವ ಕಾಗದವೂ ಬರುವ ಮೊದಲೇ ಬಿಡುಗಡೆಯನ್ನು ಸ್ವತಃ ನಡೆದು ಗಳಿಸಿದವರು ಸಿದ್ದಿಗಳ ಪೂರ್ವಜರು. ವಿಮೋಚನಾಕಾಂಡದ ಜನರಿಗೆ ಮುಂದೆ ನಡೆಯಲು ಮೋಶೆ ಇದ್ದ. ಇವರಿಗೆ ಯಾರಿದ್ದರು?

ಆದರೆ ಕಾಡು ಸೇರಿದ ಮೇಲೂ ಬದುಕು ಹಗುರಾಗಲಿಲ್ಲ. ಸಾಲಕ್ಕೆ ಸಿಕ್ಕಿ ಜಮೀನ್ದಾರರ ಗದ್ದೆ ತೋಟಗಳಲ್ಲಿ ಜೀತಕ್ಕಿದ್ದ ಮನೆತನಗಳೆಷ್ಟೋ. ಜೀತಪದ್ಧತಿ ರದ್ದತಿ ಕಾನೂನು ಬಂದದ್ದು 1976ರಲ್ಲಿ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಯವರಿಗೆ 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಶಾಸನಸಭೆಯ ಮೆಟ್ಟಿಲೇರಿದ ಮೊದಲ ಸಿದ್ದಿಯಾದರು.

ಪ್ರಿಯರೇ, ಅಮೆರಿಕದವರು ಕಾದಾಡಿದ್ದು ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಆದರೆ ಅಲ್ಲಿ ಯಾರೋ ಒಬ್ಬರು ‘ಇದು ಪಾಪ’ ಎಂದು ಗಟ್ಟಿಯಾಗಿ ಹೇಳಿದ್ದರಿಂದ ದೇಶ ನಿದ್ದೆ ಮಾಡಲಾಗಲಿಲ್ಲ. ನಮ್ಮಲ್ಲಿ ಜಗಳವಾಗದ್ದು ನಾವು ನ್ಯಾಯವಂತರಾಗಿದ್ದುದರಿಂದಲ್ಲ, ಯಾರೂ ಮಾತೇ ಎತ್ತದ್ದರಿಂದ. ಆ ಮೌನ ಇಂದಿಗೂ ನಮ್ಮ ಬೆಂಚುಗಳ ನಡುವೆ ಕೂತಿಲ್ಲವೇ? ಹಬ್ಬ ಬಂದರೆ ಡಮಾಮಿ ಬಾರಿಸಿ ಕುಣಿಯಲು ಸಿದ್ದಿಗಳನ್ನು ಕರೆಯುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಪಾಲನಾ ಸಮಿತಿಗೆ ಕರೆದಿದ್ದೇವೆಯೇ? ಮದುವೆ ಸಂಬಂಧದ ಮಾತು ಬಂದಾಗ ನಾವೇನು ಹೇಳುತ್ತೇವೆ? ಬಣ್ಣ, ಕೂದಲನ್ನು ಹಿಡಿದು ಶಾಲೆಯಲ್ಲಿ ಯಾರಾದರೂ ಹಂಗಿಸಿದಾಗ ನಮ್ಮ ಮಕ್ಕಳು ಯಾರ ಪಕ್ಕ ನಿಲ್ಲುತ್ತಾರೆ?

ಸಿದ್ದಿ ತಾಯಂದಿರು ಹೊಲಿಯುವ ಕೌದಿಯನ್ನು ನೀವು ನೋಡಿರಬಹುದು. ಹರಿದ ಸೀರೆ, ಹಳೆಯ ಅಂಗಿ, ಏನನ್ನೂ ಎಸೆಯದೆ ತುಂಡಿಗೆ ತುಂಡು ಸೇರಿಸುತ್ತಾರೆ. ಕ್ರೈಸ್ತ ಮನೆಗಳಲ್ಲಿ ಕೆಲವೊಮ್ಮೆ ಅದರ ಮೇಲೆ ಶಿಲುಬೆಯೊಂದನ್ನೂ ಹೊಲಿಯುತ್ತಾರೆ. ಚಳಿಯಲ್ಲಿ ಮಕ್ಕಳೆಲ್ಲ ಅದರಡಿ ಒಟ್ಟಿಗೆ ಮಲಗುತ್ತಾರೆ. ನಮ್ಮ ಧರ್ಮಕೇಂದ್ರಗಳೂ ಹಾಗಾಗಲಿ. ತನ್ನ ಹೆಸರನ್ನು ಮರೆತರೂ ದೇವರು ಮರೆಯದ ಸಂತ ಬಖಿತಾ ನಮಗಾಗಿ ಪ್ರಾರ್ಥಿಸಲಿ. ಆಮೆನ್.