ಅಪೇಕ್ಷೆಗೂ ಪರೀಕ್ಷೆಗೂ ಇರುವ ನಂಟು

ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿದವರಿಗೆ ಒಂದು ಪದ್ಧತಿಯು ಚೆನ್ನಾಗಿ ನೆನಪಿರುವುದು. ಸೂತ್ರವನ್ನು ಬಾಯಿಪಾಠವಾಗಿ ಒಪ್ಪಿಸಿದ ಮಾತ್ರಕ್ಕೆ ಗುರುಗಳು ತೃಪ್ತರಾಗುತ್ತಿರಲಿಲ್ಲ. “ಇದಕ್ಕೆ ಉದಾಹರಣೆ ಯಾವುದು?” ಎಂದು ಕೇಳುವರು. ಅದನ್ನು ಹೇಳಿದರೆ, “ಸೂತ್ರದಲ್ಲಿ ಈ ಪದವನ್ನು ಏತಕ್ಕೆ ಇಟ್ಟಿದೆ? ತೆಗೆದುಹಾಕಿದರೆ ಏನು ಕೆಡುವುದು?” ಎಂದು ಮತ್ತೆ ಕೇಳುವರು. ಈ ಎರಡನೆಯ ಪ್ರಶ್ನೆಗೆ ಕೊಡುವ ಉತ್ತರಕ್ಕೆ ಪ್ರತ್ಯುದಾಹರಣೆಯೆಂದು ಹೆಸರು. ಕನ್ನಡದಿಂದಲೇ ಒಂದು ನಿದರ್ಶನವನ್ನು ಕೊಡಬಹುದು. ಎಕಾರದ ಮುಂದೆ ಸ್ವರವು ಬಂದರೆ ನಡುವೆ ಯಕಾರವು ಬರುವುದೆಂಬುದು ನಿಯಮ. ‘ಮನೆಯನ್ನು’ ಎಂಬುದು ಉದಾಹರಣೆ. ‘ಸ್ವರವು ಬಂದರೆ’ ಎಂದು ಏಕೆ ಹೇಳಬೇಕು? ಹೇಳದಿದ್ದರೆ ‘ಮನೆಗೆ’ ಎಂಬಲ್ಲಿಯೂ ಯಕಾರವು ನುಸುಳೀತು. 7ನೆಯ ಶತಮಾನದ ಸುಮಾರಿನಲ್ಲಿ ಜಯಾದಿತ್ಯ ವಾಮನರು ಪಾಣಿನಿಯ ಸೂತ್ರಗಳಿಗೆ ಬರೆದ ಕಾಶಿಕಾವೃತ್ತಿಯಲ್ಲಿ ಈ ಕ್ರಮವು ಉದ್ದಕ್ಕೂ ಕಾಣುತ್ತದೆ. 13ನೆಯ ಶತಮಾನದ ನಮ್ಮ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಸೂತ್ರ, ವೃತ್ತಿ, ಪ್ರಯೋಗಗಳನ್ನು ಒಂದರ ಬೆನ್ನಿಗೆ ಒಂದನ್ನು ಕಟ್ಟಿ ನಿಲ್ಲಿಸಿದನು.

ಈ ಹಳೆಯ ಶಿಸ್ತಿಗೆ ಸಮಾನವಾದುದೊಂದು ಇಂದಿನ ಯಂತ್ರನಿರ್ಮಾಣದಲ್ಲಿಯೂ ಉಂಟು. ದೊಡ್ಡ ಯಂತ್ರವೊಂದನ್ನು ಕಟ್ಟುವ ಎಂಜಿನಿಯರರು ಅದು ಮಾಡಬೇಕಾದ ಕೆಲಸಗಳನ್ನು ಮೊದಲು ಒಂದೊಂದಾಗಿ ವಾಕ್ಯರೂಪದಲ್ಲಿ ಬರೆದು, ಅಂಕಿ ಹಾಕಿ ಇಡುತ್ತಾರೆ. ಇವುಗಳನ್ನು ಅವರು ರಿಕ್ವೈರ್‌ಮೆಂಟ್ ಎನ್ನುವರು, ನಾವು ಅಪೇಕ್ಷೆಯೆನ್ನೋಣ. ಬಳಿಕ ಒಂದೊಂದು ಅಪೇಕ್ಷೆಯೂ ನೆರವೇರಿತೋ ಇಲ್ಲವೋ ಎಂದು ತೋರಿಸಿಕೊಡುವ ಪರೀಕ್ಷೆಗಳನ್ನು ಗೊತ್ತುಮಾಡಿ, ಯಾವ ಪರೀಕ್ಷೆಯು ಯಾವ ಅಪೇಕ್ಷೆಗೆ ಸೇರಿದುದೆಂದು ಪಟ್ಟಿ ಬರೆಯುತ್ತಾರೆ. ಈ ಪಟ್ಟಿಯನ್ನು ಎರಡು ಕಡೆಯಿಂದಲೂ ಓದಬೇಕು. ಅಪೇಕ್ಷೆಗಳ ಕಡೆಯಿಂದ ಹೊರಟರೆ, ಪರೀಕ್ಷೆಯೇ ಆಗದೆ ಉಳಿದ ಅಪೇಕ್ಷೆ ಯಾವುದೆಂದು ತಿಳಿಯುತ್ತದೆ. ಯಂತ್ರದ ಕಡೆಯಿಂದ ಹೊರಟರೆ, ಯಾವ ಅಪೇಕ್ಷೆಗೂ ಸೇರದ ಕೆಲಸವೇನಾದರೂ ಒಳಗೆ ಉಳಿದಿದೆಯೇ ಎಂದು ತಿಳಿಯುತ್ತದೆ.

ಈ ನಂಟು ತಪ್ಪಿದರೆ ಆಗುವ ಹಾನಿಗೆ ಯೂರೋಪಿನ ಒಂದು ಪ್ರಸಂಗವು ಸಾಕ್ಷಿ. 1996ನೆಯ ಜೂನ್ 4ರಂದು ದಕ್ಷಿಣ ಅಮೆರಿಕದ ಕುರೂ ಎಂಬಲ್ಲಿಂದ ಏರಿಯಾನ್-5 ಎಂಬ ಹೊಸ ರಾಕೆಟ್ಟನ್ನು ಮೊದಲ ಬಾರಿಗೆ ಹಾರಿಸಿದರು. ಸುಮಾರು 40 ಸೆಕೆಂಡುಗಳಲ್ಲಿ ಅದು ದಾರಿ ತಪ್ಪಿ ಸಿಡಿದುಹೋಯಿತು. ಅದರ ದಿಕ್ಕನ್ನು ತಿಳಿಸುವ ಉಪಕರಣದಲ್ಲಿದ್ದ ಗಣಕವಿಧಿಯನ್ನು ಹಿಂದಿನ ಏರಿಯಾನ್-4ರಿಂದ ತಂದಿದ್ದರು. ಅದರ ಒಂದು ಭಾಗಕ್ಕೆ ಹೊಸ ರಾಕೆಟ್ಟು ನೆಲ ಬಿಟ್ಟ ಮೇಲೆ ಯಾವ ಕೆಲಸವೂ ಇರಲಿಲ್ಲ. ಆದರೂ ಅದು ನಡೆಯುತ್ತಲೇ ಇತ್ತು. ಹೊಸ ರಾಕೆಟ್ಟಿನ ಅಡ್ಡವೇಗವು ಹಳೆಯದಕ್ಕಿಂತ ಹೆಚ್ಚಾದುದರಿಂದ, ಆ ಸಂಖ್ಯೆಯು ಅದಕ್ಕೆಂದು ಇಟ್ಟಿದ್ದ ಸ್ಥಾನದಲ್ಲಿ ಹಿಡಿಸದೆ ಉಪಕರಣವು ನಿಂತುಹೋಯಿತು. ಏರಿಯಾನ್-5ರ ಪಥವನ್ನು ಆ ಉಪಕರಣದ ಅಪೇಕ್ಷೆಗಳಲ್ಲಿಯೇ ಬರೆದಿರಲಿಲ್ಲ, ಆ ಪಥಕ್ಕೆ ತಕ್ಕ ಪರೀಕ್ಷೆಯೂ ನಡೆದಿರಲಿಲ್ಲವೆಂದು ವಿಚಾರಣಾ ಮಂಡಲಿಯು ಅದೇ ವರ್ಷ ಪ್ರಕಟಿಸಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಹಳೆಯ ಸೂತ್ರವನ್ನು ಹೊಸ ಪ್ರಕರಣಕ್ಕೆ ಎಳೆದುತಂದರು. ಅದರ ಒಂದೊಂದು ಪದವೂ ಇಲ್ಲಿ ಏತಕ್ಕೆ ಎಂದು ಕೇಳುವವರು ಯಾರೂ ಇರಲಿಲ್ಲ.

ಪರದೇಶದ ಕಥೆಯು ಹಾಗಿರಲಿ. ನಮ್ಮ ಊರಿನ ಪಶ್ಚಿಮ ಭಾಗದಲ್ಲಿ ವಾಸಿಸುವವರಿಗೆ ಹತ್ತಿರದ ಕಥೆಯೊಂದುಂಟು. ರಾಜಾಜಿನಗರದ ಆಚೆಯ ಪೀಣ್ಯದಲ್ಲಿ ಇಸ್ರೋ ಸಂಸ್ಥೆಯವರು ವ್ಯೋಮನೌಕೆಗಳನ್ನು ನಡೆಸುವ ಕೇಂದ್ರವಿದೆ. ಕೆಂಗೇರಿಯಿಂದ ಪಶ್ಚಿಮಕ್ಕಿರುವ ಬ್ಯಾಲಾಳಿನಲ್ಲಿ, 2008ರ ಮೊದಲ ಚಂದ್ರಯಾನದ ಕಾಲಕ್ಕೆ ಸ್ಥಾಪಿತವಾದ, 32 ಮೀಟರು ಅಗಲದ ದೊಡ್ಡ ಆಂಟೆನಾ ಇದೆ. 2019ನೆಯ ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಮೇಲೆ, ಚಂದ್ರಯಾನ-2ರ ವಿಕ್ರಮವೆಂಬ ನೌಕೆಯು ಚಂದ್ರನ ಮೇಲೆ ಇಳಿಯುವುದನ್ನು ನೋಡಲು ನಮ್ಮ ಬೀದಿಯ ಮಕ್ಕಳೂ ಮುದುಕರೂ ನಿದ್ದೆಗೆಟ್ಟು ಕುಳಿತಿದ್ದೆವು. ಪರದೆಯ ಮೇಲಿನ ಗೆರೆಯು ಗುರಿಯ ಸಮೀಪಕ್ಕೆ ಬಂದು ತಟಕ್ಕನೆ ನಿಂತಿತು. ಪೀಣ್ಯದ ಕೇಂದ್ರದಲ್ಲಿದ್ದವರ ಮುಖಗಳು ಬಾಡಿದುದನ್ನು ಕಂಡು ಯಾರಿಗೂ ಮಾತು ಹೊರಡಲಿಲ್ಲ.

ಆ ನೌಕೆಗೆ ಪರೀಕ್ಷೆಗಳ ಕೊರತೆಯಿರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಚಂದ್ರನಲ್ಲಿರುವಂಥ ಕುಳಿಗಳನ್ನು ತೋಡಿ, ಅವುಗಳ ಮೇಲೆ ಹಾರಾಟ ಮಾಡಿಸಿ, ನೌಕೆಯ ಕಣ್ಣುಗಳಂತಿರುವ ಉಪಕರಣಗಳನ್ನು ಪರೀಕ್ಷಿಸಿದ್ದರು. ಹಾಗಾದರೆ ದೋಷವು ಎಲ್ಲಿತ್ತು? ಇಸ್ರೋವಿನ ಅಂದಿನ ಅಧ್ಯಕ್ಷರಾದ ಶ್ರೀ ಎಸ್. ಸೋಮನಾಥರು 2023ನೆಯ ಜುಲೈಯಲ್ಲಿ ಇದನ್ನು ಮರೆಮಾಚದೆ ವಿವರಿಸಿದರು. ಐದು ಎಂಜಿನುಗಳು ನಿರೀಕ್ಷೆಗಿಂತ ಹೆಚ್ಚು ಬಲವನ್ನು ಕೊಟ್ಟು ತಪ್ಪುಗಳು ಕೂಡುತ್ತ ಹೋದುವು. ಅವುಗಳನ್ನು ತಿದ್ದಿಕೊಳ್ಳಲು ನೌಕೆಯು ಬೇಗಬೇಗನೆ ತಿರುಗಬೇಕಾಯಿತು; ತಿರುಗುವ ವೇಗಕ್ಕೆ ಗಣಕವಿಧಿಯೇ ಮಿತಿ ಹಾಕಿತ್ತು. ಇಳಿಯಬೇಕಾದ ಸ್ಥಳವೂ 500 ಮೀಟರು ಉದ್ದಗಲದ ಸಣ್ಣ ಚೌಕ. ಅಪೇಕ್ಷೆಗಳ ಎಲ್ಲೆಯೇ ಕಿರಿದಾಗಿದ್ದರೆ, ಆ ಎಲ್ಲೆಯೊಳಗಿನ ಪರೀಕ್ಷೆಗಳಲ್ಲಿ ಎಷ್ಟು ಉತ್ತೀರ್ಣವಾದರೂ ಎಲ್ಲೆಯ ಆಚೆಯಿಂದ ಬರುವ ಆಪತ್ತನ್ನು ಅವು ತೋರಿಸಲಾರವು.

ಚಂದ್ರಯಾನ-3ರಲ್ಲಿ ಅವರು ಪ್ರಶ್ನೆಯನ್ನೇ ತಿರುಗಿಸಿದರು. ಯಾವುದು ಸರಿಯಾಗಿ ನಡೆಯಬೇಕು ಎಂಬುದಕ್ಕೆ ಬದಲಾಗಿ, ಯಾವುದು ಕೆಡಬಹುದು, ಕೆಟ್ಟರೆ ನೌಕೆಯನ್ನು ಉಳಿಸುವುದು ಹೇಗೆ ಎಂದು ಕೇಳಿದರು. ಎಂಜಿನು ಕೆಟ್ಟರೆ? ಅಳತೆಯ ಉಪಕರಣ ಕೆಟ್ಟರೆ? ಲೆಕ್ಕವೇ ತಪ್ಪಿದರೆ? ಇದು ಪ್ರತ್ಯುದಾಹರಣೆಯ ಮಾರ್ಗವೇ ಅಲ್ಲವೆ? ಇಳಿಯುವ ಸ್ಥಳವನ್ನು 4 ಕಿಲೋಮೀಟರು ಉದ್ದ, 2.4 ಕಿಲೋಮೀಟರು ಅಗಲಕ್ಕೆ ಹಿಗ್ಗಿಸಿದರು. ನಡುವಿನ ಐದನೆಯ ಎಂಜಿನನ್ನು ತೆಗೆದು ಇಂಧನವನ್ನು ಹೆಚ್ಚಿಸಿದರು. ಸೆಕೆಂಡಿಗೆ 2 ಮೀಟರು ವೇಗದಲ್ಲಿ ನೆಲ ಮುಟ್ಟಿದರೆ ತಾಳುವಂತಿದ್ದ ಕಾಲುಗಳನ್ನು 3 ಮೀಟರಿಗೂ ತಾಳುವಂತೆ ಬಲಪಡಿಸಿದರು. ಬದಲಾದ ನೌಕೆಗೆ ತಕ್ಕಂತೆ ಪರೀಕ್ಷೆಗಳೂ ನಡೆದುವು. ದಾರಿ ತೋರುವ ಉಪಕರಣಗಳಿಗಾಗಿ ಹೆಲಿಕಾಪ್ಟರಿಗೆ ಕಟ್ಟಿ ಒಂದು ಪರೀಕ್ಷೆ. ಎಂಜಿನು ಉರಿಯುತ್ತಿರುವಾಗಿನ ನಡವಳಿಕೆಗಾಗಿ ಎತ್ತರದ ಕ್ರೇನಿಗೆ ತೂಗಹಾಕಿ ಇನ್ನೊಂದು. ಕಾಲುಗಳಿಗಾಗಿ, ಚಂದ್ರನ ಮಣ್ಣಿನಂಥ ಮಣ್ಣನ್ನು ಹಾಸಿ, ಬಗೆಬಗೆಯಾಗಿ ನೆಲ ಮುಟ್ಟಿಸಿ ಮತ್ತೊಂದು. 2023ನೆಯ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮವು ಚಂದ್ರನ ದಕ್ಷಿಣಧ್ರುವದ ಸಮೀಪದಲ್ಲಿ ಮೆಲ್ಲನೆ ಇಳಿಯಿತು. ನಾಲ್ಕು ವರ್ಷಗಳ ಹಿಂದೆ ಮೌನವಾಗಿ ಮಲಗಹೋಗಿದ್ದ ನಮ್ಮ ಬೀದಿಯಲ್ಲಿ ಅಂದು ಸಿಹಿ ಹಂಚಿದರು.

ಈಗ ಅಪೇಕ್ಷೆ ಮತ್ತು ಪರೀಕ್ಷೆಗಳ ನಂಟನ್ನು ಕಾಗದದ ಪಟ್ಟಿಯಲ್ಲಿ ಬರೆಯುವುದು ಕಡಮೆಯಾಗಿ, ಯಂತ್ರದ ರಚನೆಯನ್ನೆಲ್ಲ ಗಣಕದಲ್ಲಿ ಚಿತ್ರಿಸುವ ಮಾಡೆಲುಗಳಲ್ಲಿಯೇ ಅದನ್ನು ಗೆರೆಯೆಳೆದು ತೋರಿಸುತ್ತಾರೆ. 2007ರಲ್ಲಿ ಪ್ರಕಟವಾದ ಸಿಸ್‌ಎಮ್‌ಎಲ್ ಎಂಬ ಚಿತ್ರಭಾಷೆಯಲ್ಲಿ, ಈ ಪರೀಕ್ಷೆಯು ಈ ಅಪೇಕ್ಷೆಯನ್ನು ದೃಢಪಡಿಸುತ್ತದೆ ಎಂದು ಹೇಳುವುದಕ್ಕೆಂದೇ ಒಂದು ಬಾಣದ ಗುರುತುಂಟು. ಒಂದು ಅಪೇಕ್ಷೆಯನ್ನು ತಿದ್ದಿದರೆ ಮತ್ತೆ ಮಾಡಬೇಕಾದ ಪರೀಕ್ಷೆಗಳು ಯಾವುವೆಂಬುದನ್ನು ಆ ಗೆರೆಗಳನ್ನು ಹಿಡಿದುಹೋಗಿ ತಿಳಿಯಬಹುದು. ಇದು ದೊಡ್ಡ ಅನುಕೂಲವೇ ಸರಿ. ಆದರೆ ಬರೆಯದ ಅಪೇಕ್ಷೆಗೆ ಗೆರೆಯೂ ಇರುವುದಿಲ್ಲ. ಗೆರೆಗಳೆಲ್ಲವೂ ತುಂಬಿದ ಚಿತ್ರವು ನೋಡುವವನನ್ನು ಸುಲಭವಾಗಿ ಸಮಾಧಾನಪಡಿಸಿಬಿಡುತ್ತದೆ. ಉದಾಹರಣೆಯನ್ನು ಒಪ್ಪಿಸಿ ಕುಳಿತುಕೊಳ್ಳಲು ಹೊರಟ ಶಿಷ್ಯನನ್ನು ಗುರುವು ತಡೆದು ನಿಲ್ಲಿಸಿ ಎರಡನೆಯ ಪ್ರಶ್ನೆಯನ್ನು ಕೇಳುತ್ತಿದ್ದುದು ಈ ಸಮಾಧಾನವನ್ನು ಮುರಿಯುವುದಕ್ಕಾಗಿಯೇ. ಗಣಕದ ಮುಂದೆ ಕುಳಿತ ನಮ್ಮ ಮಕ್ಕಳೂ ಮೊಮ್ಮಕ್ಕಳೂ ಆ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳುವುದನ್ನು ಕಲಿತರೆ ಗುರುಗಳ ಶ್ರಮವು ಸಾರ್ಥಕವಾಗುವುದು.