ತಗ್ಗಿಸಿದ ಹಳೆಯ ಪಿಕಪ್‌ನಲ್ಲಿ ಟೈರು ಉಜ್ಜುವುದೇಕೆ? ಪತ್ತೆ ಮತ್ತು ಪರಿಹಾರ

ಹಳೆಯ ಪಿಕಪ್ ಟ್ರಕ್ಕೊಂದನ್ನು ನಾಲ್ಕೈದು ಇಂಚು ನೆಲದತ್ತ ಇಳಿಸಿದರೆ ಅದರ ನೋಟವೇ ಬದಲಾಗುತ್ತದೆ. ಅದರ ಬೆನ್ನಿಗೇ ಇನ್ನೊಂದು ಅನುಭವವೂ ಮಾಲೀಕನಿಗೆ ಕಾದಿರುತ್ತದೆ. ಮೊದಲ ತಿರುವಿನಲ್ಲೋ ಮೊದಲ ಉಬ್ಬಿನಲ್ಲೋ ಮಡ್‌ಗಾರ್ಡಿನ ಒಳಗಿನಿಂದ ಗರಗರ ಸದ್ದು ಕೇಳಿಬರುತ್ತದೆ, ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತದೆ. ಟೈರು ಲೋಹಕ್ಕೆ ಉಜ್ಜುತ್ತಿದೆ ಎಂಬುದರ ಸೂಚನೆಯಿದು.

ವಾಹನವನ್ನು ತಗ್ಗಿಸುವ ಹವ್ಯಾಸಕ್ಕೆ ಅಮೆರಿಕದಲ್ಲಿ, ವಿಶೇಷವಾಗಿ ಕ್ಯಾಲಿಫೋರ್ನಿಯಾದಲ್ಲಿ, ದೀರ್ಘ ಇತಿಹಾಸವಿದೆ. ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ವಾಹನದ ಯಾವ ಭಾಗವೂ ಕೆಳಗಿರಕೂಡದೆಂಬ ನಿರ್ಬಂಧವನ್ನು ಆ ರಾಜ್ಯ 1950ರ ದಶಕದ ಅಂತ್ಯದಲ್ಲಿಯೇ ಜಾರಿಗೆ ತಂದಿತ್ತು. 2023ರಲ್ಲಿ ಅಂಗೀಕಾರವಾದ ಕಾಯಿದೆಯೊಂದರಿಂದ ಆ ನಿರ್ಬಂಧ ರದ್ದಾಗಿದ್ದು, 2024ರ ಜನವರಿ 1ರಿಂದ ಈ ಬದಲಾವಣೆ ಜಾರಿಯಲ್ಲಿದೆ. ಕಾನೂನು ಸಡಿಲಗೊಂಡಿತೆಂದ ಮಾತ್ರಕ್ಕೆ ಯಂತ್ರಶಾಸ್ತ್ರ ಸಡಿಲಗೊಳ್ಳುವುದಿಲ್ಲ ಎಂಬುದು ಬೇರೆ ಮಾತು.

ಇಂಥ ಹವ್ಯಾಸಿಗಳ ಅಚ್ಚುಮೆಚ್ಚಿನ ವಾಹನಗಳಲ್ಲಿ 1967ರಿಂದ 1972ರವರೆಗೆ ತಯಾರಾದ ಶೆವರ್ಲೆ ಸಿ-10 ಮುಂಚೂಣಿಯಲ್ಲಿದೆ. ‘ಸಿ’ ಅಕ್ಷರ ಎರಡು ಚಕ್ರಗಳಿಗೆ ಮಾತ್ರ ಚಾಲನಾಶಕ್ತಿ ಒದಗುವ ಮಾದರಿಯನ್ನೂ ‘ಕೆ’ ಅಕ್ಷರ ನಾಲ್ಕೂ ಚಕ್ರಗಳಿಗೆ ಶಕ್ತಿ ಒದಗುವ ಮಾದರಿಯನ್ನೂ ಸೂಚಿಸುತ್ತದೆ. ಈ ಅವಧಿಯ ಸಿ-10ರಲ್ಲಿ ಮುಂದೆಯೂ ಹಿಂದೆಯೂ ಸುರುಳಿ ಸ್ಪ್ರಿಂಗ್ ಇರುವುದರಿಂದ ತಗ್ಗಿಸುವ ಕೆಲಸ ಸುಲಭ. 1973ರ ನಂತರದ ಮಾದರಿಗಳ ಹಿಂಬದಿಗೆ ಲೀಫ್ ಸ್ಪ್ರಿಂಗ್, ಅಂದರೆ ಲಾರಿಗಳಲ್ಲಿ ಕಾಣುವ ಉಕ್ಕಿನ ಪಟ್ಟಿಗಳ ಜೋಡಣೆ, ಬಂದಿತು. ಈ ಲೇಖನದ ವಿವರಣೆಗೆ ಸಿ-10 ಮಾದರಿಯನ್ನೇ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಅಪಾಯವೇನು?

ಟೈರಿನ ನೆಲಕ್ಕೆ ತಾಗುವ ಭಾಗ ದಪ್ಪ. ಪಕ್ಕದ ಗೋಡೆ ಹಾಗಲ್ಲ. ಅಲ್ಲಿ ತೆಳುವಾದ ರಬ್ಬರಿನ ಕೆಳಗೆ ನೇರವಾಗಿ ನೂಲಿನ ಪದರವಿರುತ್ತದೆ. ಮಡ್‌ಗಾರ್ಡಿನ ಒಳ ಅಂಚು ಮಡಚಿದ ತಗಡು; ಚೂಪಾಗಿದ್ದರೆ ಅದು ಚಾಕುವಿನಂತೆ ಕೆಲಸ ಮಾಡುತ್ತದೆ. ಪಕ್ಕದ ಗೋಡೆಯಲ್ಲಿ ನೂಲು ಕಾಣುವಷ್ಟು ಗಾಯವಾಗಿದ್ದರೆ ಆ ಟೈರಿಗೆ ದುರಸ್ತಿಯೆಂಬುದಿಲ್ಲ, ಬದಲಿಸಲೇಬೇಕು. ಹೆದ್ದಾರಿ ವೇಗದಲ್ಲಿ ಮುಂಚಕ್ರದ ಟೈರು ಸಿಡಿದರೆ ವಾಹನ ಚಾಲಕನ ಹತೋಟಿಯಲ್ಲಿ ಉಳಿಯುವ ಭರವಸೆಯಿಲ್ಲ. ಟೈರಿನ ಹತ್ತಿರದಲ್ಲಿಯೇ ಹಾದುಹೋಗುವ ಬ್ರೇಕಿನ ರಬ್ಬರ್ ಕೊಳವೆಯೂ ಸವೆಯಬಹುದು. ಹೊರಗೆ ಸದ್ದಿಲ್ಲದೆ ನಡೆಯುವ ಈ ಸವೆತವೇ ಎಲ್ಲಕ್ಕಿಂತ ಕೆಟ್ಟದ್ದು.

ತಗ್ಗಿಸಿದ ವಿಧಾನವೇ ಮುಖ್ಯ

ಒಂದೇ ಅಳತೆಗೆ ತಗ್ಗಿಸಿದ ಎರಡು ಟ್ರಕ್ಕುಗಳಲ್ಲಿ ಒಂದು ಉಜ್ಜುತ್ತದೆ, ಇನ್ನೊಂದು ಉಜ್ಜುವುದಿಲ್ಲ. ಇದರ ಕಾರಣ ಅನೇಕರಿಗೆ ಹೊಳೆಯುವುದಿಲ್ಲ.

ಗಿಡ್ಡ ಸ್ಪ್ರಿಂಗ್ ಹಾಕಿ ತಗ್ಗಿಸಿದಾಗ ಚಕ್ರ ಮೇಲೇರಬಹುದಾದ ಗರಿಷ್ಠ ಎತ್ತರ ಬದಲಾಗುವುದಿಲ್ಲ. ಕಾರ್ಖಾನೆಯವರು ಇಟ್ಟ ರಬ್ಬರಿನ ತಡೆಗಟ್ಟೆ ಅಲ್ಲಿಯೇ ಇದ್ದು, ಚಕ್ರವನ್ನು ಹಿಂದಿನ ಮಿತಿಯಲ್ಲಿಯೇ ನಿಲ್ಲಿಸುತ್ತದೆ. ಚಕ್ರ ಆ ಮಿತಿಯನ್ನು ಮೊದಲಿಗಿಂತ ಹೆಚ್ಚು ಸಲ ಮುಟ್ಟುತ್ತದೆ, ಅಷ್ಟೆ. ಅದೇ ‘ಡ್ರಾಪ್ ಸ್ಪಿಂಡಲ್’ ಬಳಸಿದಾಗ ಲೆಕ್ಕ ಬೇರೆ. ಚಕ್ರ ತಿರುಗುವ ಗೂಟವನ್ನು ಸುಮಾರು 2.5 ಇಂಚು ಮೇಲಕ್ಕೆ ಕೂರಿಸಿದ ಬಿಡಿಭಾಗವಿದು. ತೋಳುಗಳ ಕೋನ ಕೆಡದೆ, ಸ್ಪ್ರಿಂಗಿನ ಚಲನೆ ಕುಗ್ಗದೆ ವಾಹನ ತಗ್ಗುತ್ತದೆ ಎಂಬುದು ಇದರ ಹೆಗ್ಗಳಿಕೆ. ಆದರೆ ತಡೆಗಟ್ಟೆ ಮುಟ್ಟುವ ಹೊತ್ತಿಗೆ ಚಕ್ರ ಮೊದಲಿಗಿಂತ 2.5 ಇಂಚು ಹೆಚ್ಚು ಒಳಕ್ಕೆ ನುಗ್ಗಿರುತ್ತದೆ. ಕಾರ್ಖಾನೆಯ ವಿನ್ಯಾಸಕಾರರು ಎಣಿಸಿಯೇ ಇರದ ಜಾಗವದು.

ಹಿಂಬದಿಯಲ್ಲಿಯೂ ಹೀಗೆಯೇ. ಅಚ್ಚಿನ ನೇರಕ್ಕೆ ಚಾಸಿಯನ್ನು ಅರ್ಧಚಂದ್ರಾಕಾರದಲ್ಲಿ ಕತ್ತರಿಸಿ ದಪ್ಪ ಉಕ್ಕಿನ ಪಟ್ಟಿಯಿಂದ ಬಲಪಡಿಸುವ ‘ಸಿ-ನಾಚ್’ ಕೆಲಸ ಅಚ್ಚಿಗೆ ಜಾಗ ಒದಗಿಸುತ್ತದೆ. ಹೆಚ್ಚು ತಗ್ಗಿಸಿದ ಟ್ರಕ್ಕಿಗೆ ಅದು ಅನಿವಾರ್ಯ. ಆದರೆ ಅಚ್ಚು ಮೇಲೇರಿದಷ್ಟೂ ಟೈರು ಕೂಡ ತೊಟ್ಟಿಯ ಪಕ್ಕದ ತಗಡಿನ ಸಮೀಪಕ್ಕೆ ಏರುತ್ತದೆ. ಖರ್ಚು ಉಳಿಸಲು ಹಳೆಯ ಸ್ಪ್ರಿಂಗಿನ ಸುತ್ತುಗಳನ್ನು ಗ್ಯಾಸ್ ಕಟರಿನಿಂದ ಕತ್ತರಿಸುವವರಿಗೆ ಹೇಳಬೇಕಾದದ್ದು ಒಂದೇ: ಆ ಶಾಖಕ್ಕೆ ಉಕ್ಕಿನ ಹದ ಕೆಡುತ್ತದೆ.

ಮೊದಲು ಪತ್ತೆ, ಆಮೇಲೆ ಕತ್ತರಿ

ಉಜ್ಜುವ ಜಾಗ ಯಾವುದೆಂದು ತಿಳಿಯದೆ ಕೈಗೊಳ್ಳುವ ಯಾವ ಪರಿಹಾರವೂ ವ್ಯರ್ಥ. ಸದ್ದನ್ನು ನಂಬಿ ನಿರ್ಧರಿಸುವುದು ತಪ್ಪು; ತಗಡಿನ ಪೆಟ್ಟಿಗೆಯೊಳಗೆ ಸದ್ದು ದಿಕ್ಕು ತಪ್ಪಿಸುತ್ತದೆ. ಅನುಭವಿ ಮೆಕ್ಯಾನಿಕ್‌ಗಳು ಅನುಸರಿಸುವ ಕ್ರಮ ಸರಳವಾಗಿದೆ. ಟೈರಿನ ಭುಜ ಮತ್ತು ಪಕ್ಕದ ಗೋಡೆಗೆ ಸೀಮೆಸುಣ್ಣ ಬಳಿದು, ಸದ್ದು ಬರುವ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಓಡಿಸಿ ಬರಬೇಕು. ಟೈರಿನಲ್ಲಿ ಸುಣ್ಣ ಅಳಿಸಿಹೋದ ಪಟ್ಟೆಯೂ ಲೋಹದ ಮೇಲೆ ಅದು ಮೆತ್ತಿಕೊಂಡ ಗುರುತೂ ಒಂದಕ್ಕೊಂದು ಸಾಕ್ಷಿಯಾಗುತ್ತವೆ.

ಇನ್ನೂ ಖಚಿತವಾದ ವಿಧಾನವೊಂದಿದೆ. ಚಾಸಿಯನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಸ್ಪ್ರಿಂಗುಗಳನ್ನು ತೆಗೆದು, ಚಕ್ರವನ್ನು ಜಾಕಿನಿಂದ ತಡೆಗಟ್ಟೆಯವರೆಗೆ ಎತ್ತುವುದು. ಮುಂಚಕ್ರವಾದರೆ ಪ್ರತಿ ಎತ್ತರದಲ್ಲಿಯೂ ಸ್ಟೀರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿ ನೋಡಬೇಕು. ಹಿಂಬದಿಯಲ್ಲಿ ಎರಡೂ ಚಕ್ರಗಳನ್ನು ಒಟ್ಟಿಗೆ ಎತ್ತಿದರೆ ಸಾಲದು. ಒಂದನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಇರಿಸಿ ನೋಡಬೇಕು. ಹೋಟೆಲ್ ಆವರಣದ ಇಳಿಜಾರನ್ನು ಓರೆಯಾಗಿ ಹತ್ತುವಾಗ ಟ್ರಕ್ಕು ನಿಲ್ಲುವುದು ಆ ಭಂಗಿಯಲ್ಲಿಯೇ. ತಗ್ಗಿಸಿದ ಬಹುಪಾಲು ವಾಹನಗಳು ಉಜ್ಜುವುದೂ ಆಗಲೇ. ಸ್ಪ್ರಿಂಗ್ ಬಿಚ್ಚುವ ಕೆಲಸ ಅಪಾಯಕಾರಿಯಾದ್ದರಿಂದ ತಕ್ಕ ಸಲಕರಣೆ ಇಲ್ಲದವರು ಅದಕ್ಕೆ ಕೈಹಾಕಬಾರದು.

ಮುಂಬದಿಯಲ್ಲಿ ಸಾಮಾನ್ಯವಾಗಿ ಗುರುತು ಬೀಳುವುದು ಮಡ್‌ಗಾರ್ಡಿನ ಹಿಂಬದಿಯ ಕೆಳಮೂಲೆ, ಒಳ ಮಡ್‌ಗಾರ್ಡಿನ ತಗಡು ಮತ್ತು ಪೂರ್ತಿ ತಿರುಗಿಸಿದಾಗ ಚಾಸಿಯ ಪಕ್ಕ. ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಐವತ್ತು ವರ್ಷ ದಾಟಿದ ಈ ವಾಹನಗಳಲ್ಲಿ ಕ್ಯಾಬಿನ್ ಮತ್ತು ರೇಡಿಯೇಟರ್ ಆಧಾರದ ಕೆಳಗಿನ ರಬ್ಬರ್ ಬುಷ್‌ಗಳು ಪುಡಿಯಾಗಿ, ಇಡೀ ಮುಂಭಾಗದ ತಗಡು ಕೆಳಕ್ಕೆ ಕುಸಿದಿರುತ್ತದೆ. ಟೈರು ಮೇಲೇರಿ ಮಡ್‌ಗಾರ್ಡನ್ನು ಮುಟ್ಟುತ್ತಿಲ್ಲ, ಮಡ್‌ಗಾರ್ಡೇ ಇಳಿದು ಟೈರನ್ನು ಮುಟ್ಟುತ್ತಿದೆ! ಹೊಸ ಬುಷ್ ಹಾಕಿದರೆ ತಗಡು ತನ್ನ ಜಾಗಕ್ಕೆ ಮರಳುತ್ತದೆ. ತೋಳುಗಳ ಬುಷ್, ಬಾಲ್ ಜಾಯಿಂಟ್, ಚಕ್ರದ ಬೇರಿಂಗ್‌ಗಳ ಸಡಿಲವನ್ನೂ ಇದೇ ಹಂತದಲ್ಲಿ ಪರೀಕ್ಷಿಸುವುದು ವಿವೇಕ.

ರಿಮ್ಮಿನ ಲೆಕ್ಕ

ಚಕ್ರ ಹಬ್ಬಿಗೆ ಕೂರುವ ಮುಖದಿಂದ ರಿಮ್ಮಿನ ಒಳ ಅಂಚಿನವರೆಗಿನ ದೂರಕ್ಕೆ ‘ಬ್ಯಾಕ್‌ಸ್ಪೇಸಿಂಗ್’ ಎಂದು ಹೆಸರು. 8 ಇಂಚು ಅಗಲವೆಂದು ಕರೆಯಲಾಗುವ ರಿಮ್ಮಿನ ಹೊರ ಅಳತೆ ಅಂಚುಗಳೂ ಸೇರಿ ಸುಮಾರು 9 ಇಂಚು. ಕೂರುವ ಮುಖ ನಟ್ಟನಡುವೆ ಇದ್ದರೆ ಬ್ಯಾಕ್‌ಸ್ಪೇಸಿಂಗ್ 4.5 ಇಂಚಾಗುತ್ತದೆ. ಹೊರಗಡೆ ಉಜ್ಜುತ್ತಿರುವ 4 ಇಂಚಿನ ರಿಮ್ಮಿನ ಜಾಗದಲ್ಲಿ ಅಷ್ಟೇ ಅಗಲದ 4.5 ಇಂಚಿನದನ್ನು ಹಾಕಿದರೆ ಚಕ್ರ 12.7 ಮಿಲಿಮೀಟರ್ ಒಳಸರಿಯುತ್ತದೆ. ಒಳಗೆ ಅಷ್ಟು ಜಾಗವಿದೆಯೇ ಎಂದು ಮೊದಲೇ ಅಳೆದಿರಬೇಕು. ಹಳೆಯ ಡ್ರಮ್ ಬ್ರೇಕಿನ ಬದಲು ಡಿಸ್ಕ್ ಬ್ರೇಕ್ ಜೋಡಿಸುವ ಕೆಲವು ಸೆಟ್ಟುಗಳು ಚಕ್ರವನ್ನು ಹೊರಕ್ಕೆ ತಳ್ಳುತ್ತವೆ. ಮೊದಲು ಸರಿಯಾಗಿದ್ದ ರಿಮ್ಮು ಆಗ ಉಜ್ಜತೊಡಗುತ್ತದೆ. 1971ರಲ್ಲಿ ಸಿ-10ಗೆ ಮುಂದಿನ ಡಿಸ್ಕ್ ಬ್ರೇಕ್ ಕಾರ್ಖಾನೆಯಿಂದಲೇ ಬಂದಿತು. ಆಗಲೇ ಚಕ್ರದ ಬೋಲ್ಟುಗಳು ಆರರಿಂದ ಐದಕ್ಕೆ ಇಳಿದವು. ಆದ್ದರಿಂದ ಹಳೆಯ ರಿಮ್ಮು ಕೊಳ್ಳುವಾಗ ವಾಹನದ ವರ್ಷವನ್ನು ನೋಡಿಕೊಳ್ಳಬೇಕು.

ಟೈರಿನ ಅಳತೆ ಬದಲಿಸುವುದು ಅತ್ಯಂತ ನಿರುಪದ್ರವಿ ಉಪಾಯ. 255/70ಆರ್15 ಟೈರಿನ ವ್ಯಾಸ ಸುಮಾರು 738 ಮಿಲಿಮೀಟರ್, 255/60ಆರ್15ರದು 687. ಕೇವಲ ಈ ಬದಲಾವಣೆಯಿಂದ ಟೈರಿನ ಮೇಲ್ಭಾಗ ಮಡ್‌ಗಾರ್ಡಿನಿಂದ ದೂರ ಸರಿಯುತ್ತದೆಂದು ಹಲವರ ಎಣಿಕೆ. ಅದು ನಿಜವೇ, ಆದರೆ ಪೂರ್ತಿ ಲೆಕ್ಕವಲ್ಲ. ಅಚ್ಚು ಕೂಡ 25 ಮಿಲಿಮೀಟರ್ ಕೆಳಗಿಳಿದು ಅದರೊಂದಿಗೆ ಇಡೀ ಟ್ರಕ್ಕೂ ಇಳಿಯುತ್ತದೆ. ಅಚ್ಚಿನಿಂದ ಮಡ್‌ಗಾರ್ಡಿಗಿರುವ ದೂರ ಮೊದಲಿನಷ್ಟೇ ಉಳಿದು, ಟೈರಿನ ತ್ರಿಜ್ಯ ಕುಗ್ಗುವುದರಿಂದ ಸುತ್ತಲೂ 25 ಮಿಲಿಮೀಟರ್ ಬಿಡುವು ದೊರೆಯುವುದೇನೋ ಸರಿ, ಆದರೆ ಚಾಸಿಯೂ ಸೈಲೆನ್ಸರ್ ಕೊಳವೆಯೂ ಅಷ್ಟೇ ನೆಲಕ್ಕೆ ಹತ್ತಿರವಾಗುತ್ತವೆ. ಸ್ಪೀಡೋಮೀಟರ್ ಸುಮಾರು ಶೇ. 7ರಷ್ಟು ಹೆಚ್ಚು ವೇಗ ತೋರಿಸುತ್ತದೆ. ಹೊರೆ ಹೊರುವ ಸಾಮರ್ಥ್ಯ ಕಡಿಮೆಯಿರುವ ಕಾರಿನ ಟೈರನ್ನು ಟ್ರಕ್ಕಿಗೆ ಹಾಕಕೂಡದು.

ಒಳಗಡೆ ಉಜ್ಜುವಾಗ ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಇಡುವುದುಂಟು. ಬೋಲ್ಟಿನ ವ್ಯಾಸದಷ್ಟಾದರೂ ಉದ್ದ ನಟ್ಟಿನ ಒಳಗೆ ತಿರುಗಿ ಕೂರದಿದ್ದರೆ ಆ ಸ್ಪೇಸರ್ ಬೇಡ.

ಹಿಂದಿನ ಅಚ್ಚು ಓರೆಯಾದಾಗ

ಹಿಂಬದಿಯಲ್ಲಿ ಒಂದೇ ಪಕ್ಕದ ಟೈರು ತೊಟ್ಟಿಯ ಅಂಚಿಗೆ ಉಜ್ಜುತ್ತಿದ್ದು ಇನ್ನೊಂದು ಪಕ್ಕ ಧಾರಾಳ ಜಾಗವಿದ್ದರೆ, ದೋಷ ಟೈರಿನದಲ್ಲ, ಅಡ್ಡದಂಡದ್ದು. ಸಿ-10ರ ಹಿಂದಿನ ಅಚ್ಚು ಪಕ್ಕಕ್ಕೆ ಸರಿಯದಂತೆ ಹಿಡಿದಿಡುವ ಪ್ಯಾನ್ಹಾರ್ಡ್ ದಂಡದ ಒಂದು ತುದಿ ಚಾಸಿಗೂ ಇನ್ನೊಂದು ಅಚ್ಚಿಗೂ ಬಿಗಿದಿರುತ್ತದೆ. ಚಾಸಿ ಇಳಿದಾಗ ದಂಡ ಕಂಸದಲ್ಲಿ ತಿರುಗಿ ಅಚ್ಚನ್ನು ಪಕ್ಕಕ್ಕೆ ಎಳೆಯುತ್ತದೆ ಅಥವಾ ತಳ್ಳುತ್ತದೆ. ಲೆಕ್ಕಕ್ಕಾಗಿ ದಂಡದ ಉದ್ದ 600 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಸಮತಲವಾಗಿದ್ದ ದಂಡದ ಒಂದು ತುದಿ 100 ಮಿಲಿಮೀಟರ್ ಇಳಿದರೆ ಅಚ್ಚು ಸುಮಾರು 8 ಮಿಲಿಮೀಟರ್ ಸರಿಯುತ್ತದೆ. ಆ ತುದಿ ಮೊದಲೇ 50 ಮಿಲಿಮೀಟರ್ ಕೆಳಗಿದ್ದರೆ, ಅಷ್ಟೇ ಇಳಿತಕ್ಕೆ ಸರಿತ ಸುಮಾರು 17 ಮಿಲಿಮೀಟರ್! ಟೈರು ತಗಡನ್ನು ಮುಟ್ಟಲು ಇಷ್ಟು ಸಾಕು.

ಪತ್ತೆ ಹಚ್ಚಲು ತೊಟ್ಟಿಯ ಅಂಚಿನಿಂದ ತೂಗುಗುಂಡಿನ ದಾರ ಇಳಿಬಿಟ್ಟು, ದಾರಕ್ಕೂ ಟೈರಿಗೂ ಇರುವ ಅಂತರವನ್ನು ಎರಡೂ ಪಕ್ಕ ಅಳೆಯಬೇಕು. ಎಡಕ್ಕೆ 30, ಬಲಕ್ಕೆ 14 ಮಿಲಿಮೀಟರ್ ಬಂದರೆ ವ್ಯತ್ಯಾಸದ ಅರ್ಧ, ಅಂದರೆ 8 ಮಿಲಿಮೀಟರ್, ಅಚ್ಚು ಬಲಕ್ಕೆ ಸರಿದಿದೆ. ತೊಟ್ಟಿಯೇ ಚಾಸಿಯ ಮೇಲೆ ಓರೆಯಾಗಿ ಕೂತಿರುವ ಸಾಧ್ಯತೆಯಿರುವುದರಿಂದ ಚಾಸಿಯಿಂದಲೂ ಅಳೆದು ತಾಳೆ ನೋಡಬೇಕು. ಉದ್ದ ಹೊಂದಿಸಬಹುದಾದ ದಂಡ ಹಾಕಿದರೆ ಅಚ್ಚು ನಡುವಿಗೆ ಬರುತ್ತದೆ. ಚಾಸಿ ಕಡೆಯ ಆಧಾರವನ್ನು ಮೇಲಕ್ಕೆ ಎತ್ತಿ ದಂಡವನ್ನು ಮತ್ತೆ ಸಮತಲಗೊಳಿಸುವುದು ಇನ್ನೂ ಮೇಲು. ಏಕೆಂದರೆ ಉದ್ದ ಹೊಂದಿಸಿದ ಓರೆ ದಂಡ ನಿಂತಾಗ ಅಚ್ಚನ್ನು ನಡುವಿಗಿಟ್ಟರೂ ಉಬ್ಬುಗಳಲ್ಲಿ ಅಚ್ಚು ಮತ್ತೆ ಪಕ್ಕಕ್ಕೆ ಜಾರುತ್ತದೆ. ಈ ಒಂದು ಬಿಡಿಭಾಗವನ್ನು ನೋಡದೆ ತೊಟ್ಟಿಯ ತಗಡು ಕತ್ತರಿಸಿದ ಟ್ರಕ್ಕುಗಳು ಕಡಿಮೆಯೇನಿಲ್ಲ.

ತಗಡಿಗೆ ಕೈಹಾಕುವ ಮುನ್ನ

ಮುಂಬದಿಯಲ್ಲಿ ಇನ್ನೂ ಕೆಲವು ಹೊಂದಾಣಿಕೆಗಳಿವೆ. ಮೇಲಿನ ತೋಳಿನ ಬುಡದಲ್ಲಿರುವ ತೆಳು ತಗಡಿನ ತುಣುಕುಗಳನ್ನು ಹೆಚ್ಚು ಕಡಿಮೆ ಮಾಡಿ ಚಕ್ರದ ವಾಲುವಿಕೆಯನ್ನು ತಿದ್ದಬಹುದು. ತಗ್ಗಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕಾದ್ದರಿಂದ ಇದಕ್ಕೆ ಪ್ರತ್ಯೇಕ ಖರ್ಚಿಲ್ಲ. ಪೂರ್ತಿ ತಿರುವಿನಲ್ಲಿ ಮಾತ್ರ ಚಾಸಿಗೆ ಉಜ್ಜುತ್ತಿದ್ದರೆ ಸ್ಟೀರಿಂಗಿನ ತಡೆಯನ್ನು ಸ್ವಲ್ಪ ದಪ್ಪಗೊಳಿಸಿದರೆ ಸಾಕು. ಟ್ರಕ್ಕು ತಿರುಗಲು ಕೊಂಚ ಹೆಚ್ಚು ಜಾಗ ಬೇಕಾಗುತ್ತದೆ. ಎತ್ತರದ ತಡೆಗಟ್ಟೆ ಹಾಕಿ ಚಕ್ರದ ಏರಿಕೆಯನ್ನು ಮಿತಗೊಳಿಸುವುದೂ ಸಾಧ್ಯ. ಆಗ ಗುಂಡಿಯ ಪೆಟ್ಟೆಲ್ಲ ನೇರವಾಗಿ ಚಾಸಿಗೆ ಬೀಳುವುದರಿಂದ ಗಟ್ಟಿ ರಬ್ಬರಿನ ಬದಲು ಹಂತಹಂತವಾಗಿ ಗಡುಸಾಗುವ ಮೆದು ತಡೆ ಬಳಸಬೇಕು.

ಇಷ್ಟರ ನಂತರವೂ ಉಜ್ಜಿದರೆ ಮಾತ್ರ ತಗಡು. ಮಡ್‌ಗಾರ್ಡಿನ ಒಳ ಅಂಚನ್ನು, ಹಬ್ಬಿಗೆ ಬಿಗಿದ ರೋಲರ್ ಉಪಕರಣದಿಂದ ಬಣ್ಣವನ್ನು ಬಿಸಿ ಮಾಡುತ್ತ ಸ್ವಲ್ಪಸ್ವಲ್ಪವಾಗಿ ಒಳಕ್ಕೆ ಮಡಚಬಹುದು. ಹಿಂದೆಂದೋ ಪಟ್ಟಿ ತುಂಬಿ ರಿಪೇರಿ ಮಾಡಿದ ಜಾಗವಾದರೆ ಅದು ಬಿರುಕುಬಿಟ್ಟು ಉದುರುವುದು ಬಹುತೇಕ ಖಚಿತ. ಒಳ ಮಡ್‌ಗಾರ್ಡನ್ನು ಕತ್ತರಿಸಿದರೆ ಹೊರಗೆ ಕಾಣುವುದಿಲ್ಲವಾದರೂ ಕೆಸರು ಎಂಜಿನ್ನಿನತ್ತ ಎರಚುತ್ತದೆ. ಬರಿಯ ಅಂಚನ್ನು ಹಾಗೆಯೇ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಸ್ಪ್ರಿಂಗು, ರಿಮ್ಮು, ದಂಡ ಎಲ್ಲವನ್ನೂ ನಾಳೆ ಬಿಚ್ಚಿ ಹಳೆಯದನ್ನು ಜೋಡಿಸಬಹುದು. ಕತ್ತರಿಸಿದ ಮೂಲ ತಗಡು ಮರಳಿ ಬರುವುದಿಲ್ಲ.

ಭಾರತದಲ್ಲಿ ಇಂಥ ವಾಹನ ಇಟ್ಟುಕೊಂಡವರು ಕಾನೂನನ್ನೂ ಗಮನಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಅನ್ವಯ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿದೆ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಬಂದ ಕೇಂದ್ರದ ನಿಯಮವೂ ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದೆಂದು ವಿಧಿಸುತ್ತದೆ. ಸಿ-ನಾಚ್ ಮಾಡಿಸಿದ ಟ್ರಕ್ಕಿಗೆ ಆ ದಾರಿ ಮುಚ್ಚಿದಂತೆಯೇ.

ಕೆಲಸ ಮುಗಿದ ಮೇಲೆ ತೊಟ್ಟಿಯಲ್ಲಿ ಭಾರ ಹೇರಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಸೀಮೆಸುಣ್ಣದ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು. ಖಾಲಿ ಟ್ರಕ್ಕು ಪಾಸಾಗಿ ಹೊರೆ ಬಿದ್ದಾಗ ಉಜ್ಜುವುದು ಸಾಮಾನ್ಯ. ಬ್ರೇಕ್ ಕೊಳವೆಗಳು ಚಕ್ರದಿಂದ ದೂರವಿವೆಯೇ ಎಂಬುದನ್ನು ಸ್ಟೀರಿಂಗಿನ ಎರಡೂ ಕೊನೆಗಳಲ್ಲಿ ನೋಡಬೇಕು. ಮುಂಭಾಗ ಹಿಂಭಾಗಗಳ ಎತ್ತರ ಬದಲಾಗಿರುವುದರಿಂದ ಹೆಡ್‌ಲೈಟ್‌ಗಳ ದಿಕ್ಕನ್ನು ಸರಿಪಡಿಸಬೇಕು. ಚಕ್ರದ ನಟ್ಟುಗಳನ್ನು ಮೊದಲ ನೂರು ಕಿಲೋಮೀಟರಿನೊಳಗೆ ಟಾರ್ಕ್ ಪಾನಾದಿಂದ ಮತ್ತೆ ಬಿಗಿಮಾಡಬೇಕು.